ಬಕೆಟ್ ಒಳಗೊಂದು ಗೆರೆ, ಹೊರಗೊಂದು ಗೆರೆ

ಕಲಬುರಗಿ, 16 ಏಪ್ರಿಲ್ 2025, ಬುಧವಾರ ರಾತ್ರಿ

ಎರಡು ಸಲ ಸೋಪು ಹಚ್ಚಿದರೂ ಕೈಯಿಂದ ಕ್ಲೋರಿನ್ ವಾಸನೆ ಹೋಗಿಲ್ಲ. ಎರಡು ರೊಟ್ಟಿಗೇ ಎದ್ದೆ ಅಂತ ಅವ್ವ ಬೈದಳು.

ತಲೆತುಂಬ ಆ ಸೋರುವ ಈಜುಕೊಳವೇ. ನಿನ್ನೆ ಬೆಳಿಗ್ಗೆ ಬಕೆಟ್‌ಗೆ ಕೊಳದ ನೀರನ್ನೇ ತುಂಬಿ, ಕೊಳದೊಳಗಿನ ಮೆಟ್ಟಿಲ ಮೇಲಿಟ್ಟು, ಒಳಗೆ ಬಕೆಟ್ ನೀರಿನ ಮಟ್ಟಕ್ಕೊಂದು, ಹೊರಗೆ ಕೊಳದ ನೀರಿನ ಮಟ್ಟಕ್ಕೊಂದು ಗೆರೆ ಎಳೆದು ಬಂದಿದ್ದೆ. ಇವತ್ತು ಬಕೆಟ್‌ನಲ್ಲಿ ಇಳಿದಿದ್ದು 8 ಮಿಲಿಮೀಟರ್. ಅದು ಬಿಸಿಲು ಕುಡಿದ ನೀರು. ಕೊಳದಲ್ಲಿ 20 ಇಳಿದಿತ್ತು. ಉಳಿದ 12 ಎಲ್ಲಿ ಹೋಯಿತು? ಒಂದು ಬೆರಳಿನಷ್ಟೂ ಇಲ್ಲ ಅಲ್ವಾ ಅನ್ನಿಸುತ್ತದೆ. ಆದರೆ 12 ಮೀಟರ್ ಉದ್ದ, 6 ಮೀಟರ್ ಅಗಲದ ಕೊಳ ಅದು. ದಿನಕ್ಕೆ 864 ಲೀಟರ್! 15 ಲೀಟರಿನ ಕೊಡದಲ್ಲಿ 57 ಕೊಡ. ಅವ್ವ ನಸುಕಿಗೆ ಎದ್ದು ನಲ್ಲಿ ಮುಂದೆ ಕೂತರೆ ಸಿಗುವುದು ಹತ್ತು.

ದಾರಿ ತೋರಿಸಿದ್ದು ಮಾಲಿ ಕಾಕಾ.

"ತಮ್ಮಾ, ಇಲ್ಲಿ ನೋಡು. ಹದಿನೈದು ದಿನ ಆತು, ಈ ಬದಿಗೆ ನಾ ಪೈಪ್ ಹಿಡದೇ ಇಲ್ಲ. ಹುಲ್ಲು ಹೆಂಗ ಹಸರ ಅದ ನೋಡು."

"ಮತ್ತ ಹೇಳಿಲ್ಲೇನು ಕಾಕಾ?"

"ಹೇಳೀನಿ. ಬಿಸಲಿಗೆ ನೀರು ಆರ್ತಾವ ಅಂದ್ರು. ಆ ಮ್ಯಾಲ ನಾ ಏನ್ ಹೇಳ್ಲಿ?"

ಆ ಹಸಿರು ಪಟ್ಟಿ ಕೊಳದ ಲೈಟಿನ ನೇರಕ್ಕೇ ಇತ್ತು. ಮೇನ್ ಸ್ವಿಚ್ ತೆಗೆದೆ, ಪಂಪ್ ನಿಲ್ಲಿಸಿದೆ. ನೀರು ಅಲುಗಾಡದಷ್ಟು ನಿಲ್ಲುವವರೆಗೆ ಕಾದು ಇಳಿದೆ. ಸಿರಿಂಜಿನಿಂದ ಕೆಂಪು ಬಣ್ಣ ಒಂದೇ ಹನಿ ಬಿಟ್ಟೆ. ಅದು ಹರಡಲಿಲ್ಲ. ದಾರದ ಹಾಗೆ ಎಳೆಯಾಗಿ ಲೈಟಿನ ಹಿಂದಕ್ಕೆ ಸರಿಯಿತು. ಬಿಚ್ಚಿ ನೋಡಿದರೆ ವೈರ್ ಹೋಗುವ ಪೈಪಿನ ಬಾಯಿ ಹಾಗೇ ತೆರೆದಿದೆ. ನೀರಿನಲ್ಲೇ ಗಟ್ಟಿಯಾಗುವ ಎಪಾಕ್ಸಿ ಮೆತ್ತಿ ಬಂದೆ. ಮೇಲೆ ಬಂದಾಗ ಕಾಕಾ ಏನೂ ಅನ್ನಲಿಲ್ಲ, ಟವೆಲ್ ಕೊಟ್ಟರು. ಅವರ ಮಾತನ್ನು ಅವತ್ತೇ ಯಾರಾದರೂ ಕೇಳಿದ್ದರೆ... ನೆನೆದರೆ ಹೊಟ್ಟೆ ಉರಿಯುತ್ತದೆ.

ಕರೆಂಟ್ ಹೋಯಿತು. ಗಾಳಿಯೂ ಇಲ್ಲ.

ಮತ್ತೆ ಬಕೆಟ್ ಇಟ್ಟು ಬಂದಿದ್ದೇನೆ. ಆದರೆ ಈಗ ಬೇರೆಯೇ ಚಿಂತೆ. ನಮ್ಮದು ಎರೆಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಎಷ್ಟೋ ದಿನ ನೆನೆದ ಆ ಬದಿ ಈ ಬಿಸಿಲಿಗೆ ಒಮ್ಮೆಲೇ ಒಣಗಿದರೆ ಗೋಡೆ ತಡೆದೀತಾ? ಕಾಕಾಗೆ ದಿನಾ ಸ್ವಲ್ಪ ನೀರು ಹಿಡಿಯಲು ಹೇಳಬೇಕಿತ್ತು. ಫೋನ್ ಮಾಡೋಣ ಅಂದರೆ ಹತ್ತೂವರೆ ಆಗಿದೆ, ಮಲಗಿರುತ್ತಾರೆ. ಬೆಳಿಗ್ಗೆ ಗೆರೆ ನೋಡಲು ಹೋದಾಗ ಹೇಳಬೇಕು.