ಪೊರೆ ತೆಗೆದ ಕಣ್ಣು, ಅವ್ವನ ಸೆರಗು

ಅವ್ವನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಮಂಡ್ಯದ ಮನೆಗೆ ಬಂದಾಗಿನಿಂದ ನನ್ನ ಜಗಳವೆಲ್ಲ ಅವಳ ಸೆರಗಿನ ಜೊತೆ. ಕಣ್ಣಲ್ಲಿ ಒಂದು ಹನಿ ನೀರು ಬಂದರೆ ಸಾಕು, ಕೈ ಸೀದಾ ಸೆರಗಿಗೆ ಹೋಗುತ್ತದೆ. ಅದೇ ಸೆರಗಲ್ಲಿ ಆಗಷ್ಟೇ ಮುದ್ದೆ ಪಾತ್ರೆ ಇಳಿಸಿರುತ್ತಾಳೆ!

"ಇಷ್ಟು ಚಿಕ್ಕ ಆಪರೇಷನ್ನಿಗೆ ಇಷ್ಟೊಂದು ಪಥ್ಯವಾ?" ಅಂತಾಳೆ. ಗಾಯ ಚಿಕ್ಕದೇ, ಎರಡು ಮೂರು ಮಿಲಿಮೀಟರ್, ಸಾಮಾನ್ಯವಾಗಿ ಹೊಲಿಗೆಯೂ ಇಲ್ಲ. ಆದರೆ ಅದು ಕೂಡಿಕೊಳ್ಳುವವರೆಗೆ ಬ್ಯಾಕ್ಟೀರಿಯಾಗೆ ದಾರಿ ಇದ್ದೇ ಇರುತ್ತದೆ. ಬಹಳ ಸಲ ಅವು ನಮ್ಮದೇ ರೆಪ್ಪೆ ಮೇಲಿನವು. ಆಪರೇಷನ್‌ಗೆ ಮುಂಚೆ ಕಣ್ಣಿಗೆ ಪೊವಿಡೋನ್ ಅಯೋಡಿನ್ ಅನ್ನುವ ಕ್ರಿಮಿನಾಶಕ ಹಾಕುವುದು ಅದಕ್ಕೇ. ಕಣ್ಣಿನೊಳಗೆ ಸೋಂಕಾಗುವುದು ತೀರಾ ಅಪರೂಪ. ಆದರೆ ಹಾಗೇನಾದರೂ ಆಯಿತೆಂದರೆ ದೃಷ್ಟಿಯೇ ಹೋಗಬಹುದು.

ಪಕ್ಕದ ಮನೆ ದೊಡ್ಡಮ್ಮ ನಂದಿಬಟ್ಟಲು ಹೂ ತಂದಿದ್ದರು, ಕಣ್ಣಿಗೆ ತಂಪಂತೆ. ಅದನ್ನು ದೇವರ ಮುಡಿಗೆ ಏರಿಸಿಬಿಟ್ಟೆ. ಡ್ರಾಪ್ಸ್ ಮಾತ್ರ ಸೋಪಲ್ಲಿ ಕೈ ತೊಳೆದು ನಾನೇ ಹಾಕುತ್ತೇನೆ, ಬಾಟಲಿ ತುದಿ ರೆಪ್ಪೆಗೆ ತಾಗದ ಹಾಗೆ.

ಸ್ವಲ್ಪ ಕಿರಿಕಿರಿ ಮಾಮೂಲು. ನೋವು, ಕೆಂಪು ಜಾಸ್ತಿಯಾಗುತ್ತಾ ಹೋದರೆ, ನಿನ್ನೆ ಚೆನ್ನಾಗಿ ಕಂಡದ್ದು ಇವತ್ತು ಮಂಜಾದರೆ, ಸುಮ್ನೆ ಕೂರಬಾರದು, ಅದು ಒಳಗಿನ ಸೋಂಕಿರಬಹುದು. ಸಾಮಾನ್ಯವಾಗಿ ಮೊದಲ ವಾರದಲ್ಲೇ ಹೀಗಾಗುವುದು. ಕೆಲವರಿಗೆ ನೋವೇ ಇರುವುದಿಲ್ಲ, ನೋಟ ಮಾತ್ರ ಮಸುಕು. ಸೋಂಕು ಅಂತಾದರೆ ಕಣ್ಣಿನೊಳಕ್ಕೇ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಬೇಕಾಗುತ್ತದೆ. ಸೋಮವಾರ ತೋರಿಸೋಣ ಅನ್ನುವ ಮಾತೇ ಇಲ್ಲ, ಭಾನುವಾರವಾದರೂ ಹೊರಡಬೇಕು.