ಚಿತ್ರದಲ್ಲಿ ಇಲ್ಲದ ರೆಸಿಸ್ಟರ್

ಕರೆಂಟಿಗೆ ತಡೆಯೊಡ್ಡುವ ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ, ಒಂದರ ಹಿಂದೆ ಒಂದರಂತೆ, ಜೋಡಿಸಿ ಅಡಾಪ್ಟರಿನಿಂದ 9 ವೋಲ್ಟ್ ಕೊಟ್ಟಿದ್ದೆ. ನಡುವಿನ ಬಿಂದುವಿನಲ್ಲಿ ಅದರ ಅರ್ಧ, ಅಂದರೆ 4.5 ವೋಲ್ಟ್ ಇರಬೇಕು. ಮೀಟರ್ 4.48 ತೋರಿಸಿತು. ರೆಸಿಸ್ಟರ್‌ಗಳೇ ಶೇ. 5ರಷ್ಟು ಹೆಚ್ಚು ಕಡಿಮೆ ಇರಬಹುದಾದ್ದರಿಂದ ಆ ಉತ್ತರ ಸರಿಯಾದದ್ದೇ. ಅಲ್ಲಿಂದ ಇನ್ನೊಂದು ಪುಟ್ಟ ಸರ್ಕ್ಯೂಟಿಗೆ ವಿದ್ಯುತ್ ಕೊಡುವುದು ನನ್ನ ಯೋಚನೆಯಾಗಿತ್ತು. ಸದ್ಯಕ್ಕೆ ಆ ಸರ್ಕ್ಯೂಟಿನ ಜಾಗದಲ್ಲಿ ಇರಲಿ ಎಂದು 1 ಕಿಲೋ ಓಮ್ ರೆಸಿಸ್ಟರ್ ಒಂದನ್ನು ನಡುವಿನ ಬಿಂದುವಿಗೂ ನೆಗೆಟಿವ್ ತಂತಿಗೂ ಸಿಕ್ಕಿಸಿದೆ. ಮೀಟರಿನ ಅಂಕಿ ಕುಸಿದು 0.74ಕ್ಕೆ ಬಂದು ನಿಂತಿತು.

ತಂತಿ ಸಡಿಲವಾಗಿರಬೇಕೆಂದು ಎಲ್ಲವನ್ನೂ ಕಿತ್ತು ಮತ್ತೆ ಸಿಕ್ಕಿಸಿದೆ. ಮತ್ತೆ 0.74. ಬೇರೆ ರೆಸಿಸ್ಟರ್‌ಗಳನ್ನು ಹಾಕಿ ನೋಡಿದೆ. ಅಷ್ಟೇ ಬಂತು. ರಾತ್ರಿ ಹನ್ನೊಂದು ದಾಟಿತ್ತು. ಎಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗಳಿಗೆ ಸರ್ಕ್ಯೂಟಿನ ಚಿತ್ರವೂ ಲೆಕ್ಕವೂ ಇದ್ದ ನೋಟ್‌ಬುಕ್ಕಿನ ಪುಟದ ಫೋಟೊ ಕಳುಹಿಸಿ, ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ನೋಡು ಎಂದೆ. ಅವಳ ಉತ್ತರ ಒಂದೇ ಸಾಲಿನಲ್ಲಿ ಬಂತು: "ಮಾವ, ಲೆಕ್ಕ ಸರಿಯಾಗಿದೆ. ಆದರೆ ನೀವು ಸಿಕ್ಕಿಸಿದ ಆ ಮೂರನೆಯ ರೆಸಿಸ್ಟರ್ ಚಿತ್ರದಲ್ಲಿ ಎಲ್ಲಿದೆ?"

ಈ ಒಂದು ವರ್ಷದಲ್ಲಿ ನಾನು ಸರ್ಕ್ಯೂಟ್‌ಗಳ ಬಗ್ಗೆ ಕಲಿತದ್ದರಲ್ಲಿ ಬಹುಪಾಲು ಈ ಪ್ರಶ್ನೆಯ ಹಿಂದೆ ಹೋಗಿಯೇ ಕಲಿತದ್ದು.

ನಾನು ಇಪ್ಪತ್ತೆರಡು ವರ್ಷಗಳಿಂದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ವಿದ್ಯುತ್ತಿನ ಪಾಠ ಹತ್ತನೆಯ ತರಗತಿಗೇ ಮುಗಿದಿತ್ತು. ಮತ್ತೆ ಅದಕ್ಕೆ ಕೈಹಾಕಲು ಕಾರಣ ಅಮ್ಮ. ರಾತ್ರಿ ಎದ್ದಾಗ ಕೋಣೆಯ ಹೊರಗಿನ ಒಂದೇ ಒಂದು ಮೆಟ್ಟಿಲು ಕಾಣದೆ ಅವರು ಮುಗ್ಗರಿಸಿದ್ದರು. ಪೆಟ್ಟಾಗಲಿಲ್ಲ, ಆದರೆ ಭಯ ಉಳಿಯಿತು. ಕತ್ತಲಾದಾಗ ತಾನೇ ಹೊತ್ತಿಕೊಂಡು ಆ ಮೆಟ್ಟಿಲ ಅಂಚನ್ನು ತೋರಿಸುವ ಸಣ್ಣದೊಂದು ದೀಪ ಬೇಕಿತ್ತು. ಸಿದ್ಧ ದೀಪವನ್ನು ಕೊಳ್ಳಬಹುದಿತ್ತು. ಅಮ್ಮನ ಕಾಲಿಗೆ ದಾರಿ ತೋರಿಸುವ ವಸ್ತುವಿನೊಳಗೆ ಏನಿದೆ, ಅದು ಯಾಕಿದೆ ಎಂದು ನನಗೆ ಗೊತ್ತಿರಬೇಕು ಎನ್ನಿಸಿತು.

ಲೆಕ್ಕಿಗನಾದವನಿಗೆ ಕಿರ್ಕಾಫ್ ನಿಯಮಗಳು ತೀರಾ ಅಪರಿಚಿತವಲ್ಲ. ಒಂದು ಬಿಂದುವಿಗೆ ಬರುವ ಕರೆಂಟಿನ ಮೊತ್ತ, ಅಲ್ಲಿಂದ ಹೊರಡುವ ಕರೆಂಟಿನ ಮೊತ್ತಕ್ಕೆ ಸಮ. ನಡುವೆ ಏನೂ ಉಳಿಯುವಂತಿಲ್ಲ, ಕಳೆಯುವಂತಿಲ್ಲ. ಜಮಾ ಖರ್ಚು ತಾಳೆಯಾಗಲೇಬೇಕು. ಎರಡನೆಯ ನಿಯಮವೂ ಹಾಗೆಯೇ: ಒಂದು ಬಿಂದುವಿನಿಂದ ಹೊರಟು ಸರ್ಕ್ಯೂಟಿನಲ್ಲಿ ಒಂದು ಸುತ್ತು ಬಂದು ಅದೇ ಬಿಂದುವನ್ನು ಮುಟ್ಟಿದರೆ, ದಾರಿಯಲ್ಲಿ ಏರಿದ ವೋಲ್ಟೇಜ್ ಮತ್ತು ಇಳಿದ ವೋಲ್ಟೇಜ್ ಒಂದನ್ನೊಂದು ತೀರಿಸಿ ಸೊನ್ನೆಯಾಗಬೇಕು. 1845ರಲ್ಲಿ ಇದನ್ನು ಬರೆದಾಗ ಗುಸ್ತಾವ್ ಕಿರ್ಕಾಫ್‌ಗೆ 21 ವರ್ಷ, ಇನ್ನೂ ವಿದ್ಯಾರ್ಥಿ. ಅದಕ್ಕೆ ಹದಿನೆಂಟು ವರ್ಷ ಮೊದಲು, 1827ರಲ್ಲಿ, ಗಿಯೋರ್ಗ್ ಓಮ್ ತನ್ನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ್ದ: ರೋಧವನ್ನು, ಅಂದರೆ ರೆಸಿಸ್ಟರ್ ಒಡ್ಡುವ ತಡೆಯನ್ನು, ಕರೆಂಟಿನಿಂದ ಗುಣಿಸಿದರೆ ಅದರ ಮೇಲಿನ ವೋಲ್ಟೇಜ್ ಬರುತ್ತದೆ. ಅವನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ಈ ಇಬ್ಬರ ಮಾತುಗಳನ್ನು ಕೂಡಿಸಿದರೆ ರೆಸಿಸ್ಟರ್ ಮತ್ತು ಬ್ಯಾಟರಿಗಳಷ್ಟೇ ಇರುವ ಯಾವ ಸರ್ಕ್ಯೂಟನ್ನಾದರೂ ಬಿಡಿಸಬಹುದು.

ನನಗೆ ಎಲ್ಲಕ್ಕಿಂತ ನೆಮ್ಮದಿ ತಂದದ್ದು ದಿಕ್ಕಿನ ವಿಚಾರ. ಕರೆಂಟ್ ಯಾವ ಕಡೆಗೆ ಹರಿಯುತ್ತದೆಂದು ಮೊದಲೇ ಗೊತ್ತಿರಬೇಕಾಗಿಲ್ಲ. ತೋಚಿದ ಕಡೆಗೆ ಬಾಣ ಬರೆದು ಲೆಕ್ಕ ಮಾಡಿದರಾಯಿತು. ಊಹೆ ತಪ್ಪಿದ್ದರೆ ಉತ್ತರದ ಹಿಂದೆ ಮೈನಸ್ ಚಿಹ್ನೆ ಬರುತ್ತದೆ, ಅಂಕಿ ಮಾತ್ರ ಸರಿಯಾಗಿಯೇ ಇರುತ್ತದೆ. ಬಾಣವನ್ನು ನಡುವೆ ಬದಲಾಯಿಸಬಾರದು, ಅಷ್ಟೇ. ಶಾಲೆಯಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ನಾನು ವಿಭವಾಂತರ, ರೋಧ ಎಂಬ ಪದಗಳಿಗೆ ಅಷ್ಟೊಂದು ಹೆದರುತ್ತಿರಲಿಲ್ಲ.

ಮತ್ತೆ ಆ 0.74ಕ್ಕೆ ಬರುತ್ತೇನೆ. ಮೂರನೆಯ ರೆಸಿಸ್ಟರನ್ನು ಚಿತ್ರದಲ್ಲಿ ಬರೆದ ಕೂಡಲೇ ವಿಷಯ ತಿಳಿಯಿತು. ಕೆಳಗಿನ 10 ಕಿಲೋ ಓಮ್ ಈಗ ಒಂಟಿಯಲ್ಲ. ಅದರ ಪಕ್ಕದಲ್ಲಿ ಸಮಾಂತರವಾಗಿ 1 ಕಿಲೋ ಓಮ್ ನಿಂತಿದೆ. ಕರೆಂಟಿಗೆ ಎರಡು ದಾರಿ ಸಿಕ್ಕಿದ್ದರಿಂದ ತಡೆ ಕಡಿಮೆಯಾಗಿ, ಎರಡೂ ಸೇರಿ ಸುಮಾರು 909 ಓಮ್. ಮೇಲೆ 10,000, ಕೆಳಗೆ 909. ಒಂಬತ್ತು ವೋಲ್ಟನ್ನು ಈ ಪ್ರಮಾಣದಲ್ಲಿ ಹಂಚಿದರೆ ಕೆಳಗಿನವರ ಪಾಲಿಗೆ 0.75 ಬರುತ್ತದೆ. ಮೀಟರ್ ಸುಳ್ಳು ಹೇಳಿರಲಿಲ್ಲ.

ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಿ ಎಂದು ಹುಡುಗಿ ಹೇಳಿದಳು. ನಡುವಿನ ಬಿಂದು ಮತ್ತು ನೆಗೆಟಿವ್ ತಂತಿ, ಈ ಎರಡು ತುದಿಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಒಂದು ಡಬ್ಬಿಯೊಳಗೆ ಮುಚ್ಚಿಟ್ಟೆನೆಂದುಕೊಳ್ಳಬೇಕು. ಹೊರಗಿನಿಂದ ನೋಡುವವನಿಗೆ ಆ ಡಬ್ಬಿಯಲ್ಲಿ ಒಂದು ಬ್ಯಾಟರಿ, ಅದರ ಮುಂದೆ ಒಂದು ರೆಸಿಸ್ಟರ್ ಮಾತ್ರ ಇರುವಂತೆ ತೋರುತ್ತದೆ. ಬ್ಯಾಟರಿ ಎಷ್ಟರದು? ಏನನ್ನೂ ಸಿಕ್ಕಿಸದೆ ಅಳೆದಾಗ ಬರುವ 4.5 ವೋಲ್ಟ್. ರೆಸಿಸ್ಟರ್ ಎಷ್ಟರದು? 9 ವೋಲ್ಟ್ ಮೂಲವನ್ನು ತೆಗೆದು ಅಲ್ಲಿ ಬರಿಯ ತಂತಿ ಇದೆಯೆಂದುಕೊಂಡರೆ ಎರಡು 10 ಕಿಲೋ ಓಮ್‌ಗಳು ಸಮಾಂತರವಾಗಿ ಕಾಣುತ್ತವೆ, ಅಂದರೆ 5 ಕಿಲೋ ಓಮ್. ಇನ್ನು ಹೊರಗೆ 1 ಕಿಲೋ ಓಮ್ ಸಿಕ್ಕಿಸಿದರೆ ಒಟ್ಟು 6ರಲ್ಲಿ 1 ಪಾಲು: 4.5ರ ಆರನೆಯ ಒಂದು ಭಾಗ, 0.75. ಅದೇ ಉತ್ತರ, ಬಾಯಲ್ಲೇ ಹೇಳುವಷ್ಟು ಸಲೀಸಾಗಿ! ಶಾಖೆಯೊಂದರ ನೂರು ಪುಟಗಳ ಖಾತೆ ಎರಡು ಅಂಕಿಗಳಾಗಿ ಮುಖ್ಯ ಕಚೇರಿಗೆ ಬಂದ ಹಾಗೆ. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಲಿಯೋಂ ತೆವೆನಿನ್ 1883ರಲ್ಲಿ ಇದನ್ನು ಪ್ರಕಟಿಸಿದ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅದನ್ನು 1853ರಲ್ಲೇ ಹೇಳಿದ್ದ, ಹೆಸರು ಮಾತ್ರ ತೆವೆನಿನ್‌ನದಾಯಿತು.

ಆ ವಾರವೆಲ್ಲ ನಾನು ಮನೆಯಲ್ಲಿದ್ದ ಪ್ರತಿಯೊಂದನ್ನೂ ಡಬ್ಬಿಯಾಗಿ ನೋಡತೊಡಗಿದೆ. ಹಳೆಯ 9 ವೋಲ್ಟ್ ಬ್ಯಾಟರಿಯೊಂದನ್ನು ಸುಮ್ಮನೆ ಅಳೆದಾಗ 8.6 ಬಂತು. ಅದಕ್ಕೆ 100 ಓಮ್ ಸಿಕ್ಕಿಸಿದ ಕ್ಷಣ 7.5ಕ್ಕೆ ಇಳಿಯಿತು. ಹೊರಗೆ 75 ಮಿಲಿಆಂಪಿಯರ್ ಹರಿಯುತ್ತಿದೆ, ಒಳಗೆ 1.1 ವೋಲ್ಟ್ ಕಾಣೆಯಾಗಿದೆ. ಅಂದರೆ ಆ ಬ್ಯಾಟರಿಯೊಳಗೆ ಸುಮಾರು 15 ಓಮ್ ಅಡಗಿ ಕುಳಿತಿದೆ. ಬ್ಯಾಟರಿ ಹಳೆಯದಾಯಿತು ಎಂದು ನಾವು ಹೇಳುವ ಮಾತಿನ ಒಂದು ಅಂಶ ಈ 15 ಓಮ್.

ಆಮೇಲೆ ಎರಡು 1 ಮೆಗಾ ಓಮ್ ರೆಸಿಸ್ಟರ್‌ಗಳಿಂದ ಅದೇ ಹಂಚಿಕೆ ಮಾಡಿದೆ. ಈ ಸಲ ಹೊರಗೆ ಏನನ್ನೂ ಸಿಕ್ಕಿಸಲಿಲ್ಲ. ಆದರೂ 4.5 ಬರಬೇಕಾದಲ್ಲಿ 4.27 ಬಂತು. ಅರ್ಧ ಗಂಟೆ ಅದನ್ನೇ ದಿಟ್ಟಿಸುತ್ತ ಕುಳಿತಿದ್ದೆ. ಸಿಕ್ಕಿಸಿದ್ದೆ, ಮೀಟರನ್ನೇ ಸಿಕ್ಕಿಸಿದ್ದೆ! ಡಿಜಿಟಲ್ ಮಲ್ಟಿಮೀಟರ್ ವೋಲ್ಟ್ ಅಳೆಯುವಾಗ ತಾನೇ ಒಂದು ರೆಸಿಸ್ಟರ್. ನನ್ನದು 10 ಮೆಗಾ ಓಮ್. ಡಬ್ಬಿಯ ಲೆಕ್ಕದಲ್ಲಿ ಒಳಗೆ 0.5, ಹೊರಗೆ 10. 4.5ನ್ನು ಹತ್ತೂವರೆಯಲ್ಲಿ ಹತ್ತು ಪಾಲು ಮಾಡಿದರೆ 4.29. ನಾನು ನೋಡಲು ಹೋದದ್ದರಿಂದಲೇ ನೋಡಬೇಕಾದದ್ದು ಬದಲಾಗಿತ್ತು. ನೋಟ್‌ಬುಕ್ಕಿನಲ್ಲಿ ಆ ಚಿತ್ರವನ್ನು ಮತ್ತೆ ಬರೆದು, ಮೀಟರಿನ ಜಾಗದಲ್ಲಿ ಕೆಂಪು ಶಾಯಿಯಿಂದ ಒಂದು ರೆಸಿಸ್ಟರ್ ಎಳೆದೆ. ಅಲ್ಲಿಂದ ಮುಂದೆ ಚಿತ್ರದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಕೆಂಪಿನಲ್ಲಿ ಬರೆಯುವ ರೂಢಿಯಾಯಿತು.

ಇಷ್ಟು ಹೊತ್ತಿಗೆ ಇದ್ದದ್ದನ್ನು ಬಿಡಿಸುವುದು ಬರುತ್ತಿತ್ತು. ಇಲ್ಲದ್ದನ್ನು ಕಟ್ಟುವುದು ಬೇರೆಯದೇ ಕೆಲಸ. ಬಿಡಿಸುವಾಗ ಪ್ರಶ್ನೆಗೆ ಒಂದೇ ಉತ್ತರ. ಕಟ್ಟುವಾಗ ಹತ್ತು ಉತ್ತರಗಳು ಎದುರಿಗಿರುತ್ತವೆ, ಯಾಕೆ ಇದೇ ಎಂದು ನಾವು ಹೇಳಬೇಕಾಗುತ್ತದೆ. ಕೆಂಪು ಎಲ್‌ಇಡಿಯನ್ನೇ ನೋಡಿ. ಅದರ ಮೇಲೆ ಸುಮಾರು 2 ವೋಲ್ಟ್ ಉಳಿಯುತ್ತದೆ. 9ರಿಂದ ಕಳೆದರೆ 7. ಇಪ್ಪತ್ತು ಮಿಲಿಆಂಪಿಯರ್ ಬೇಕೆಂದರೆ 350 ಓಮ್ ಎಂದು ಲೆಕ್ಕ ಹೇಳುತ್ತದೆ. ಆದರೆ ನನ್ನ ಪೊಟ್ಟಣದಲ್ಲಿ 350 ಇಲ್ಲ. ಸಾಮಾನ್ಯ ಸಾಲಿನಲ್ಲಿ 330ರ ನಂತರ ಬರುವುದು 390, ಆಮೇಲೆ 470. 330 ಹಾಕಿದರೆ 21 ಮಿಲಿಆಂಪಿಯರ್, 390ಕ್ಕೆ 18, 470ಕ್ಕೆ 15. ಎಲ್‌ಇಡಿಯ ಆಯುಸ್ಸನ್ನು ನೋಡಿ ಯಾವಾಗಲೂ ಮೇಲಿನ ಅಂಕಿಗೆ ಹೋಗುವುದು ನನ್ನ ಆಯ್ಕೆ. 390ರ ಮೇಲೆ ಬಿಸಿಯಾಗಿ ಹೋಗುವುದು ಸುಮಾರು 0.13 ವ್ಯಾಟ್, ಕಾಲು ವ್ಯಾಟಿನ ರೆಸಿಸ್ಟರ್ ತಾಳಿಕೊಳ್ಳುತ್ತದೆ.

ಅಮ್ಮನ ದೀಪಕ್ಕೆ ಬೇಕಾದದ್ದು ನಾಲ್ಕೈದು ಸಾಮಾನು. ಬೆಳಕು ಬಿದ್ದಾಗ ರೋಧ ಇಳಿಯುವ ಎಲ್‌ಡಿಆರ್, ಬೇಸ್ ಎಂಬ ಕಾಲಿಗೆ ಸಾಕಷ್ಟು ವೋಲ್ಟೇಜ್ ಸಿಕ್ಕಾಗ ಕರೆಂಟನ್ನು ಹರಿಯಬಿಡುವ ಬಿ.ಸಿ. 547 ಟ್ರಾನ್ಸಿಸ್ಟರ್, ಕೆಂಪು ಎಲ್‌ಇಡಿ, ಎರಡು ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ. ಮೇಲೆ ಒಂದು ರೆಸಿಸ್ಟರ್, ಕೆಳಗೆ ಎಲ್‌ಡಿಆರ್, ನಡುವಿನ ಬಿಂದು ಟ್ರಾನ್ಸಿಸ್ಟರಿನ ಬೇಸ್‌ಗೆ. ಮತ್ತೆ ಅದೇ ಹಂಚಿಕೆ! ಸಂಜೆ ಮೆಟ್ಟಿಲ ಪಕ್ಕದಲ್ಲಿ ಮೀಟರ್ ಹಿಡಿದು ಕುಳಿತು, ಅಂಚು ಕಾಣುವುದು ಕಷ್ಟವಾದ ಗಳಿಗೆಯಲ್ಲಿ ಎಲ್‌ಡಿಆರ್ ಅಳೆದೆ: 4 ಕಿಲೋ ಓಮ್. ಟ್ರಾನ್ಸಿಸ್ಟರ್ ಎಚ್ಚರಗೊಳ್ಳುವುದು ಬೇಸ್‌ನಲ್ಲಿ 0.6 ವೋಲ್ಟ್‌ನ ಆಸುಪಾಸಿನಲ್ಲಿ. ಕೆಳಗೆ 0.6 ಉಳಿಯಬೇಕಾದರೆ ಮೇಲೆ 8.4 ಇಳಿಯಬೇಕು, ಹದಿನಾಲ್ಕು ಪಟ್ಟು. 4ರ ಹದಿನಾಲ್ಕು ಪಟ್ಟು 56. ಪೊಟ್ಟಣದಲ್ಲಿ 56 ಕಿಲೋ ಓಮ್ ಇತ್ತು. ಆ ರೆಸಿಸ್ಟರಿನ ಹಸಿರು, ನೀಲಿ, ಕಿತ್ತಳೆ ಪಟ್ಟಿಗಳನ್ನು ದೀಪದ ಕೆಳಗೆ ಹಿಡಿದು ಎರಡು ಸಲ ನೋಡಿದೆ.

ಎಲ್‌ಇಡಿಗೆ ಮೊದಲು 470 ಓಮ್ ಹಾಕಿದೆ. ಚೆನ್ನಾಗಿ ಉರಿಯಿತು. ಆದರೆ ಇಂಥ ಬ್ಯಾಟರಿಯಲ್ಲಿರುವ ಬಂಡವಾಳ ಸುಮಾರು 500 ಮಿಲಿಆಂಪಿಯರ್ ಗಂಟೆ. ಹದಿನಾಲ್ಕೂವರೆ ಮಿಲಿಆಂಪಿಯರ್‌ನಂತೆ ಖರ್ಚು ಮಾಡಿದರೆ 34 ಗಂಟೆ, ಮೂರ್ನಾಲ್ಕು ರಾತ್ರಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅಷ್ಟು ಬೆಳಕು ಬೇಕಾಗಿಯೂ ಇಲ್ಲ. 2.2 ಕಿಲೋ ಓಮ್‌ಗೆ ಏರಿಸಿದೆ. ಮೂರು ಮಿಲಿಆಂಪಿಯರ್‌ಗೆ ಇಳಿಯಿತು, ಅಂಚು ಸ್ಪಷ್ಟವಾಗಿ ಕಂಡಿತು. ಅಮ್ಮನನ್ನೇ ಕರೆದು ತೋರಿಸಿದೆ. "ಇಷ್ಟು ಸಾಕು ಕಣೋ, ಜಾಸ್ತಿಯಾದರೆ ನಿದ್ದೆ ಕೆಡುತ್ತದೆ" ಎಂದರು. ಈಗ ಬ್ಯಾಟರಿ ಹದಿನೈದು ರಾತ್ರಿ ಬರಬೇಕು.

ಎಲ್ಲವನ್ನೂ ಒಂದು ಸಣ್ಣ ಪೆಟ್ಟಿಗೆಯಲ್ಲಿ ಕೂರಿಸಿ ಮೆಟ್ಟಿಲ ಪಕ್ಕ ಇಟ್ಟ ರಾತ್ರಿ ದೀಪ ಮಂಕಾಗಿತ್ತು. ಪೂರ್ತಿ ಆರಿರಲಿಲ್ಲ, ಪೂರ್ತಿ ಹೊತ್ತಿಯೂ ಇರಲಿಲ್ಲ. ಬ್ಯಾಟರಿ ಹೊಸದು. ಬೇಸ್ ಅಳೆದೆ, 0.6ರ ಹತ್ತಿರ ತೂಗುತ್ತಿತ್ತು. ಅಂಥ ಕಗ್ಗತ್ತಲಿನಲ್ಲಿ ಎಲ್‌ಡಿಆರ್ ನೂರಾರು ಕಿಲೋ ಓಮ್ ಇರಬೇಕಾದಾಗ ಅಷ್ಟು ಕಡಿಮೆ ಬರಲು ಸಾಧ್ಯವೇ ಇರಲಿಲ್ಲ. ಟ್ರಾನ್ಸಿಸ್ಟರ್ ಬದಲಾಯಿಸಿದೆ. ಕಾಲುಗಳನ್ನು ಮತ್ತೆ ಬೆಸುಗೆ ಹಾಕಿದೆ. ಮೂರನೆಯ ಸಲ ಪೆಟ್ಟಿಗೆ ತೆರೆಯುವಾಗ ನನ್ನ ಹೆಬ್ಬೆರಳು ಎಲ್‌ಡಿಆರ್ ಮೇಲೆ ಬಂತು. ದೀಪ ಪಕ್ಕನೆ ತುಂಬಿಕೊಂಡು ಉರಿಯಿತು. ಬೆರಳು ತೆಗೆದೆ, ಮಂಕಾಯಿತು.

ಎಲ್‌ಇಡಿ ಮತ್ತು ಎಲ್‌ಡಿಆರ್ ಎರಡನ್ನೂ ಅಂದ ಕಾಣಲೆಂದು ಬೆರಳಗಲದ ಅಂತರದಲ್ಲಿ ಅಕ್ಕಪಕ್ಕ ಕೂರಿಸಿದ್ದೆ. ದೀಪ ಹೊತ್ತಿದ ಕೂಡಲೇ ಅದರದೇ ಬೆಳಕು ಎಲ್‌ಡಿಆರ್ ಮೇಲೆ ಬೀಳುತ್ತಿತ್ತು. ಎಲ್‌ಡಿಆರ್‌ಗೆ ಬೆಳಗಾಯಿತು ಎಂದೇ ತೋರುತ್ತಿತ್ತು. ಅದರ ರೋಧ ಇಳಿಯುತ್ತಿತ್ತು, ಬೇಸ್ ವೋಲ್ಟೇಜ್ ಕುಸಿಯುತ್ತಿತ್ತು, ದೀಪ ಮಂಕಾಗುತ್ತಿತ್ತು. ಮಂಕಾದೊಡನೆ ಮತ್ತೆ ಕತ್ತಲು. ಎರಡೂ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಿ ನಿಂತಿದ್ದವು. ತಂತಿಯೇ ಇಲ್ಲದ ಒಂದು ಜೋಡಣೆ ನನ್ನ ಪೆಟ್ಟಿಗೆಯೊಳಗೆ ಕೆಲಸ ಮಾಡುತ್ತಿತ್ತು.

ಚಿತ್ರದ ಪುಟ ತೆರೆದು ಎಲ್‌ಇಡಿಯಿಂದ ಎಲ್‌ಡಿಆರ್‌ಗೆ ಕೆಂಪು ಶಾಯಿಯಲ್ಲಿ ಒಂದು ಬಾಣ ಎಳೆದೆ. ಮಾವನ ಚಿತ್ರದಲ್ಲಿ ಈಗ ಬೆಳಕೂ ಇದೆ ಎಂದು ಬರೆದು ಅದರ ಫೋಟೊವನ್ನು ಹುಡುಗಿಗೆ ಕಳುಹಿಸಿದೆ. ನಂತರ ಕಪ್ಪು ಕಾಗದವನ್ನು ಪೆನ್ಸಿಲ್ಲಿಗೆ ಸುತ್ತಿ ಅಂಟಿಸಿ, ಎರಡು ಸೆಂಟಿಮೀಟರ್ ಉದ್ದದ ಕೊಳವೆ ಮಾಡಿ ಎಲ್‌ಡಿಆರ್‌ಗೆ ತೊಡಿಸಿದೆ. ಕೊಳವೆಯ ಬಾಯಿ ಕಿಟಕಿಯ ಕಡೆಗಿದೆ. ಅದು ಸ್ವಲ್ಪ ಬೆಳಕನ್ನು ತಡೆಯುವುದರಿಂದ ದೀಪ ಈಗ ಹತ್ತು ನಿಮಿಷ ಮೊದಲೇ ಹೊತ್ತುತ್ತದೆ. 56ರ ಬದಲು 82 ಕಿಲೋ ಓಮ್ ಹಾಕಿ ನೋಡಬೇಕು. ಈ ಭಾನುವಾರ ಸಂಜೆ ಮತ್ತೆ ಮೆಟ್ಟಿಲ ಬಳಿ ಮೀಟರ್ ಹಿಡಿದು ಕೂರುತ್ತೇನೆ.