ಬೇಗ ಹೂವಾಯಿತು, ಕಾಳು ಕಟ್ಟಲಿಲ್ಲ

ನನ್ನ ಕೆಲಸ ಮೆಕ್ಕೆಜೋಳದ ಹೊಸ ತಳಿ ಮಾಡುವುದು. ಮೊದಲಿಂದಲೂ ಒಂದೇ ಗುರಿ, 90 ದಿನಕ್ಕೆ ಕೊಯ್ಲಿಗೆ ಬರುವ ತಳಿ. ಧಾರವಾಡ, ಗದಗ ಕಡೆಯ ಎರೆ ಹೊಲದವರು ಕೇಳುವುದೂ ಇದನ್ನೇ. ಜೂನ್ ಕೊನೆಗೆ ಬಿತ್ತಿದ ಮೆಕ್ಕೆಜೋಳ ಸೆಪ್ಟೆಂಬರ್ ಕೊನೆಗೆ ಹೊಲ ಬಿಟ್ಟರೆ, ಮಣ್ಣಲ್ಲಿ ಹಸಿ ಇರುವಾಗಲೇ ಕಡಲೆ ಬಿತ್ತಬಹುದು. 115 ದಿನದ ತಳಿ ಹಾಕಿದರೆ ಆ ಹಸಿ ಸಿಗುವುದಿಲ್ಲ.

ಮೂರು ವರ್ಷ ನಾನು ಗಿಡ ಆರಿಸಿದ್ದು ಬೋರ್‌ವೆಲ್ ನೀರಿರುವ ತಾಕಿನಲ್ಲಿ ಮಾತ್ರ. ಬೆಳಗ್ಗೆ ಸಾಲು ಸುತ್ತಿ, ಮೊದಲು ಸೂಲಂಗಿ, ಅಂದರೆ ತುದಿಯಲ್ಲಿ ಪರಾಗ ಉದುರಿಸುವ ಗಂಡು ಹೂ, ಬಂದ ಗಿಡಕ್ಕೆ ಕೆಂಪು ದಾರ ಕಟ್ಟುತ್ತಿದ್ದೆ. ಪುಸ್ತಕದಲ್ಲಿ ದಿನ ಬರೆಯುತ್ತಿದ್ದೆ: 50, 49, 48. ದಿನ ಇಳಿದಷ್ಟೂ ಖುಷಿ.

ನಾಲ್ಕನೇ ವರ್ಷ ಅದೇ ಬೀಜವನ್ನು ದಾವಣಗೆರೆ ಕಡೆಯ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಬಿತ್ತಿದೆವು. ಸರಿಯಾಗಿ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟಿತು. ತೆನೆಗೆ ಕವರ್ ಹಾಕಲು ಹೋದ ಕೆಲಸದ ಅಕ್ಕ ಕರೆದು ಹೇಳಿದರು: “ಸರ್, ಸೂಲಂಗಿ ಒಣಗಕ್ ಬಂತು, ಕೂದಲೇ ಬಂದಿಲ್ಲ ನೋಡ್ರಿ.” ತೆನೆಯ ಕೂದಲು, ಅಂದರೆ ಪರಾಗ ಹಿಡಿಯುವ ಎಳೆಗಳು, ಹೊರಬಂದಿದ್ದು ಸೂಲಂಗಿಗಿಂತ ಎಂಟು ದಿನ ತಡವಾಗಿ. ಅಷ್ಟರಲ್ಲಿ ಪರಾಗ ಬಹುತೇಕ ಉದುರಿತ್ತು. ಕೊಯ್ಲಿನಲ್ಲಿ ಒಂದು ತೆನೆ ಸುಲಿದೆ. ಬುಡದಲ್ಲಿ 11 ಕಾಳು, ಮೇಲೆಲ್ಲ ಬೋಳು ದಿಂಡು. ಒಂದೊಂದು ಕಾಳಿಗೂ ಒಂದೊಂದು ಕೂದಲು ಇರುತ್ತದೆ, ಬುಡದ ಕೂದಲೇ ಮೊದಲು ಹೊರಬರುತ್ತದೆ. ಆ 11ಕ್ಕೆ ಮಾತ್ರ ಪರಾಗ ಸಿಕ್ಕಿತ್ತು.

ನೀರು ಕಡಿಮೆಯಾದರೆ ಗಿಡ ತೆನೆಯನ್ನೇ ಮೊದಲು ಉಪವಾಸ ಕೆಡವುತ್ತದೆ. ನೀರು ಚೆನ್ನಾಗಿದ್ದ ನನ್ನ ತಾಕಿನಲ್ಲಿ ಎಲ್ಲ ಸಾಲಿಗೂ ಸೂಲಂಗಿ ಮತ್ತು ಕೂದಲಿನ ನಡುವಿನ ಅಂತರ ಒಂದೆರಡು ದಿನ ಅಷ್ಟೇ. ಹಾಗಾಗಿ ಒಳ್ಳೆಯದು ಯಾವುದು, ಸೋಲುವುದು ಯಾವುದು ಅಂತ ಗೊತ್ತೇ ಆಗಿರಲಿಲ್ಲ. ಮೆಕ್ಸಿಕೋದ ಸಿಮಿಟ್ ಎಂಬ ಮೆಕ್ಕೆಜೋಳ, ಗೋಧಿ ಸಂಶೋಧನಾ ಸಂಸ್ಥೆಯವರು ಬಹಳ ಹಿಂದೆಯೇ ಅಲ್ಲಿನ ತ್ಲಾಲ್ತಿಸಾಪಾನ್‌ ಎಂಬ ಊರಿನಲ್ಲಿ ಮಳೆಯಿಲ್ಲದ ಕಾಲದಲ್ಲಿ ಬಿತ್ತಿ, ಬೇಕಂತಲೇ ನೀರು ತಡೆದು, ಈ ಅಂತರ ಕಡಿಮೆ ಇರುವ ಗಿಡಗಳನ್ನು ಸುತ್ತಿನ ಮೇಲೆ ಸುತ್ತು ಆರಿಸಿದ್ದರು. ಓದಿದ್ದೆ. ಆದರೆ ನನ್ನ ಹೊಲದಲ್ಲಿ ಮಾಡಿರಲಿಲ್ಲ.

ಈಗ ಒಂದೇ ಬೀಜ ಮೂರು ಕಡೆ ಹೋಗುತ್ತದೆ: ಕೆಂಪು ಮಣ್ಣು, ಎರೆ ಮಣ್ಣು, ಮತ್ತೆ ಹಿಂಗಾರಿನಲ್ಲಿ ಹೂವಿಗೆ ಮುಂಚೆ ನೀರು ನಿಲ್ಲಿಸಿದ ತಾಕು. ಚಳಿಯಲ್ಲಿ ಎಲ್ಲವೂ ತಡವಾಗಿಯೇ ಹೂ ಬಿಡುತ್ತವೆ. ಅದಕ್ಕೇ ಸುಮ್ನೆ ದಿನ ಎಣಿಸಿದರೆ ಉಪಯೋಗವಿಲ್ಲ. ಪ್ರತಿ ಹತ್ತು ಸಾಲಿಗೆ ಗೊತ್ತಿರುವ ತಳಿಯ ಒಂದು ಸಾಲು ಹಾಕಿ, ಅದಕ್ಕಿಂತ ಎಷ್ಟು ಮುಂಚೆ ಅಂತ ನೋಡುತ್ತೇವೆ. ಇನ್ನೊಂದು ವಿಷಯ. ಪೈಪ್ ಸೋರುವ ಮೂಲೆಯಲ್ಲಿ ಗಿಡ ಹಸಿರಾಗೇ ಇರುತ್ತದೆ, ಅದನ್ನು ಬರ ತಡೆಯುವ ಗಿಡ ಅಂದುಕೊಂಡು ನಾನು ಒಮ್ಮೆ ಮೋಸಹೋದೆ. ಹೊಲವನ್ನು ಚಿಕ್ಕ ಚೌಕಗಳಾಗಿ ಮಾಡಿ, ಪ್ರತಿ ಚೌಕದಲ್ಲೂ ಅಲ್ಲಿನ ಒಳ್ಳೆಯ ಗಿಡವನ್ನೇ ಆರಿಸುವ ಕ್ರಮವನ್ನು ಅಮೆರಿಕದ ನೆಬ್ರಾಸ್ಕಾದ ತಳಿ ವಿಜ್ಞಾನಿ ಗಾರ್ಡ್ನರ್ 1961ರಲ್ಲೇ ತೋರಿಸಿದ್ದರು. ಈಗ ನಾವೂ ಹಾಗೇ ಮಾಡುತ್ತೇವೆ.

ಹೀಗೆ ಉಳಿದ ಒಂದು ಸಾಲು ಇದೆ. ಮಳೆ ಚೆನ್ನಾಗಿ ಬಂದರೆ ಹೆಚ್ಚು ದಿನದ ತಳಿಯಷ್ಟು ಇಳುವರಿ ಕೊಡುವುದಿಲ್ಲ, ಅದು ನಿಜ. ಆದರೆ ನೀರು ತಡೆದ ತಾಕಿನಲ್ಲಿ ಸೂಲಂಗಿ ಬಂದ ಮೂರನೇ ದಿನಕ್ಕೆ ಅದರ ಕೂದಲು ಬಂತು, ಕಾಳು ತುದಿಯ ಹತ್ತಿರದವರೆಗೂ ಕಟ್ಟಿತು. ಈ ಮುಂಗಾರಿಗೆ ಅದರ ಬೀಜ ಗದಗ ಕಡೆಯ ಮೂರು ಎರೆ ಹೊಲಗಳಿಗೆ ಹೋಗಿದೆ. ಕಡಲೆ ಬಿತ್ತನೆ ಹೊತ್ತಿಗೆ ನಾನೂ ಅಲ್ಲಿರುತ್ತೇನೆ.